ಆಯಾಸದ ಬೇರನ್ನು ಹುಡುಕಿದವರು

ರೋಗಲಕ್ಷಣಗಳ ಪೈಕಿ ಆಯಾಸದಷ್ಟು ಬಡಪಾಯಿ ಮತ್ತೊಂದಿಲ್ಲ. ಜ್ವರಕ್ಕೆ ಉಷ್ಣಮಾಪಕವುಂಟು, ಮುರಿದ ಎಲುಬಿಗೆ ಕ್ಷ-ಕಿರಣದ ಚಿತ್ರವುಂಟು, ಗಾಯಕ್ಕೆ ಹರಿದ ರಕ್ತವೇ ಸಾಕ್ಷಿ. ಆಯಾಸಕ್ಕೆ ಮಾತ್ರ ರೋಗಿಯ ಬಾಯಿಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಮನೆಯವರು ಆ ಮಾತನ್ನು ಒಂದು ವಾರ ನಂಬುತ್ತಾರೆ, ಒಂದು ತಿಂಗಳು ನಂಬುತ್ತಾರೆ. ಅಲ್ಲಿಂದಾಚೆಗೆ 'ಅವನಿಗೆ ಮನಸ್ಸಿಲ್ಲ' ಎನ್ನುತ್ತಾರೆ. ವೈದ್ಯರೂ ಎಷ್ಟೋ ವೇಳೆ ಅದನ್ನೇ ಸ್ವಲ್ಪ ಮರ್ಯಾದೆಯ ಮಾತಿನಲ್ಲಿ ಹೇಳುತ್ತಾರೆ.

ಮೈಯೊಳಗೆ ವರ್ಷಗಟ್ಟಲೆ ಬಿಡಾರ ಹೂಡಿ ಕೂಡುವ ವೈರಸ್ಸುಗಳುಂಟು. ಏಡ್ಸ್ ರೋಗಕ್ಕೆ ಕಾರಣವಾದ ಎಚ್.ಐ.ವಿ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಅದರೊಡನೆ ಬಾಳುವವರು ತಮ್ಮ ಆಯಾಸವನ್ನು ಹೇಳಿಕೊಂಡಾಗ 'ಚಿಂತೆ', 'ಭಯ', 'ಈ ಕಾಯಿಲೆಯೇ ಹಾಗೆ' ಎಂಬ ಮೂರು ಉತ್ತರಗಳು ಬಹುಕಾಲ ಸಿದ್ಧವಾಗಿದ್ದುವು. ಅವರಲ್ಲಿ ಎಲ್ಲರಿಗಲ್ಲದಿದ್ದರೂ ಕೆಲವರಿಗೆ, ಆ ಆಯಾಸದ ಬೇರು ದೇಹದ ನಿರ್ನಾಳ ಗ್ರಂಥಿಗಳಲ್ಲಿದೆ. ಅದನ್ನು ರಕ್ತದಲ್ಲಿ ಅಳೆಯಬಹುದು. ಹಲವು ಸಂದರ್ಭಗಳಲ್ಲಿ ಸರಿಪಡಿಸಲೂಬಹುದು. ವೈದ್ಯರು ಈ ತಿಳಿವಳಿಕೆಗೆ ಬಂದ ದಾರಿ ನೆಟ್ಟಗಿನದಲ್ಲ. ಅದನ್ನು ತಿಳಿಯಲು ನಾವು ಮೊದಲು ಸುಮಾರು ನೂರ ಎಪ್ಪತ್ತು ವರ್ಷ ಹಿಂದಕ್ಕೆ, ಲಂಡನ್ ನಗರದ ಗೈಸ್ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ಥಾಮಸ್ ಅಡಿಸನ್ ಎಂಬ ವೈದ್ಯನಿದ್ದ. 1855ರಲ್ಲಿ ಅವನು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಹನ್ನೊಂದು ಮಂದಿ ರೋಗಿಗಳ ವೃತ್ತಾಂತವಿತ್ತು. ದಿನದಿಂದ ದಿನಕ್ಕೆ ಕುಗ್ಗುವ ಶಕ್ತಿ, ಹಸಿವಿಲ್ಲದಿರುವುದು, ವಾಂತಿ, ಕೈಗೆ ಸಿಕ್ಕೂ ಸಿಗದಂಥ ನಾಡಿ. ಜೊತೆಗೆ, ಬಿಸಿಲಿಗೆ ಹೋಗದಿದ್ದರೂ ಚರ್ಮ ಕಪ್ಪಿಡುವುದು. ಸತ್ತಮೇಲೆ ಅವರ ದೇಹಗಳನ್ನು ಪರೀಕ್ಷಿಸಿದಾಗ ಅಡಿಸನ್ನನಿಗೆ ಕಂಡದ್ದೇನು? ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಟೋಪಿಯಂತೆ ಕೂತಿರುವ ಎರಡು ಗ್ರಂಥಿಗಳು ಕೆಟ್ಟುಹೋಗಿದ್ದುವು. ಹಲವರಲ್ಲಿ ಅವನ್ನು ಕೆಡಿಸಿದ್ದು ಕ್ಷಯರೋಗ. ಇವೇ ಅಡ್ರಿನಲ್ ಗ್ರಂಥಿಗಳು. ಆರೋಗ್ಯವಂತನಲ್ಲಿ ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೆ ಒಂದು ತೊಲ ತೂಗಲಾರವು. ಅಂದಿನ ಅಂಗರಚನಾ ಪಂಡಿತರಿಗೆ ಅವುಗಳಿಂದ ಏನು ಉಪಯೋಗವೆಂಬುದೇ ಗೊತ್ತಿರಲಿಲ್ಲ. ಮರುವರ್ಷವೇ, 1856ರಲ್ಲಿ, ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳಲ್ಲಿ ಈ ಗ್ರಂಥಿಗಳನ್ನು ಕಿತ್ತು ನೋಡಿದ, ಪ್ರಾಣಿಗಳು ಬದುಕಲಿಲ್ಲ. ತೊಲದಷ್ಟೂ ಇಲ್ಲದ ವಸ್ತುವಿಲ್ಲದೆ ಇಡೀ ಪ್ರಾಣಿ ಬದುಕಲಾರದು ಎಂಬುದು ಆ ಕಾಲಕ್ಕೆ ಬೆರಗಿನ ಸುದ್ದಿಯಾಗಿತ್ತು.

ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ದ್ರವ್ಯಗಳಿಗೆ 'ಹಾರ್ಮೋನು' ಎಂಬ ಹೆಸರು ಬಂದದ್ದು 1905ರಲ್ಲಿ. ಇಂಗ್ಲೆಂಡಿನ ಸ್ಟಾರ್ಲಿಂಗ್ ಅದನ್ನು ಬಳಕೆಗೆ ತಂದ. ಅಡ್ರಿನಲ್ ಗ್ರಂಥಿಯ ಮುಖ್ಯ ಹಾರ್ಮೋನು ಕಾರ್ಟಿಸೋಲ್. ರಕ್ತದೊತ್ತಡವನ್ನು ಹಿಡಿದು ನಿಲ್ಲಿಸುವುದು, ಊಟವಿಲ್ಲದಾಗ ರಕ್ತದ ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರವೋ ಗಾಯವೋ ಶಸ್ತ್ರಚಿಕಿತ್ಸೆಯೋ ಎದುರಾದಾಗ ದೇಹವನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸ. ಇದರ ಹತ್ತಿರದ ನಂಟನಾದ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಮೊದಲ ಬಾರಿಗೆ ಕೀಲುವಾತದ ರೋಗಿಗೆ ಔಷಧಿಯಾಗಿ ಕೊಟ್ಟರು. ಆ ಕೆಲಸಕ್ಕೆ ಸಂಬಂಧಿಸಿದಂತೆ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಲ್ಲಿಂದಾಚೆಗೆ ಅಡಿಸನ್ನನ ರೋಗ ಸಾವಿನ ಚೀಟಿಯಾಗಿ ಉಳಿಯಲಿಲ್ಲ. ದಿನವೂ ಗುಳಿಗೆ ನುಂಗುತ್ತ ಬಾಳುವುದು ಸಾಧ್ಯವಾಯಿತು. ಹಾಗೆ ಬಾಳಿದವರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯೂ ಒಬ್ಬರು. 1947ರಲ್ಲೇ ಅವರ ಕಾಯಿಲೆ ಪತ್ತೆಯಾಗಿತ್ತು. 1960ರ ಚುನಾವಣೆಯಲ್ಲಿ ಅವರ ಕಡೆಯವರು ಅದನ್ನು ಅಲ್ಲಗಳೆದರು. ದೇಶದ ಅತ್ಯುಚ್ಚ ಪದವಿಗೆ ಹೊರಟವರೂ ಕಾಯಿಲೆಯನ್ನು ಮುಚ್ಚಿಡಬೇಕಾದರೆ, ಸಾಮಾನ್ಯ ಮನುಷ್ಯ ಮುಚ್ಚಿಟ್ಟದ್ದನ್ನು ನಾವು ಆಕ್ಷೇಪಿಸಲಾದೀತೆ?

ಇಷ್ಟು ಪೀಠಿಕೆ ಸಾಕು. ಇನ್ನು ವೈರಸ್ಸಿನ ಮಾತು.

1981ರ ಜೂನ್ 5ರಂದು ಅಮೆರಿಕ ಸರಕಾರದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸ್ ನಗರದ ಐದು ಮಂದಿ ಯುವಕರ ಅಪರೂಪದ ನ್ಯುಮೋನಿಯದ ವರದಿ ಬಂತು. 1983ರಲ್ಲಿ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ವೈರಸ್ಸು ಸಿಕ್ಕಿತು. 1986ರಲ್ಲಿ ನಮ್ಮ ನೆರೆಯ ಮದ್ರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರೂ ಸಂಗ್ರಹಿಸಿ ವೆಲ್ಲೂರಿನಲ್ಲಿ ಪರೀಕ್ಷಿಸಿದ ರಕ್ತದಲ್ಲಿ ಭಾರತದ ಮೊದಲ ಸೋಂಕುಗಳು ಕಾಣಿಸಿಕೊಂಡುವು. ಎಚ್.ಐ.ವಿ. ದೇಹದ ರಕ್ಷಣಾ ಕಣಗಳನ್ನು ಒಂದೊಂದಾಗಿ ಕೆಡಿಸುತ್ತದೆ; ರಕ್ಷಣೆ ಕುಸಿದಾಗ ಬೇರೆ ರೋಗಗಳು ನುಗ್ಗುತ್ತವೆ. ಇದು ನಿಮಗೆ ತಿಳಿದ ವಿಷಯ.

ಆ ಮೊದಲ ವರ್ಷಗಳ ರೋಗಿಗಳನ್ನು ನೋಡಿದ ವೈದ್ಯರ ಕಣ್ಣಿಗೆ ಒಂದು ಹೋಲಿಕೆ ಹೊಡೆದು ಕಂಡಿತು. ಬಳಲಿಕೆ, ಮೈ ಇಳಿಯುವುದು, ಓಕರಿಕೆ, ಎದ್ದು ನಿಂತರೆ ತಲೆಸುತ್ತು, ರಕ್ತದಲ್ಲಿ ಉಪ್ಪಿನ ಅಂಶದ ಇಳಿತ: ಇದೆಲ್ಲ ಅಡಿಸನ್ನನ ರೋಗದ ಪಟ್ಟಿಯೇ ಅಲ್ಲವೆ? ಮರಣೋತ್ತರ ಪರೀಕ್ಷೆಗಳು ಈ ಸಂದೇಹವನ್ನು ಬಲಪಡಿಸಿದುವು. 1984ರಲ್ಲಿ ಅಮೆರಿಕದ ವೈದ್ಯರು ಏಡ್ಸ್‌ನಿಂದ ಸತ್ತವರ ಅಡ್ರಿನಲ್ ಗ್ರಂಥಿಗಳಲ್ಲಿ ಕೊಳೆತ ಭಾಗಗಳನ್ನು ಕಂಡು ವರದಿ ಮಾಡಿದರು. ಹಾನಿ ಮಾಡಿದ್ದು ಹೆಚ್ಚಾಗಿ ಸೈಟೊಮೆಗಲೊ ಎಂಬ ಮತ್ತೊಂದು ವೈರಸ್. ಇದು ನಮ್ಮಲ್ಲಿ ಬಹುಮಂದಿಯನ್ನು ಚಿಕ್ಕಂದಿನಲ್ಲೇ ಸೇರಿ, ಸದ್ದಿಲ್ಲದೆ ಒಳಗೆ ಮಲಗಿರುತ್ತದೆ. ಮನೆಯ ಕಾವಲುಗಾರ ಸತ್ತಾಗ ಏಳುತ್ತದೆ.

ಹಾಗಾದರೆ ಒಗಟು ಬಿಡಿಸಿತು, ಎಲ್ಲರಿಗೂ ಕಾರ್ಟಿಸೋಲ್ ಗುಳಿಗೆ ಕೊಟ್ಟರಾಯಿತು ಎಂದು ನಿಮಗೆ ತೋರಬಹುದು. ಅಷ್ಟು ಸುಲಭವಾಗಲಿಲ್ಲ. ಈ ಗ್ರಂಥಿಗಳ ಧಾರಾಳ ಎಷ್ಟೆಂದರೆ ಹತ್ತರಲ್ಲಿ ಒಂಬತ್ತು ಪಾಲು ನಾಶವಾಗುವವರೆಗೂ ಉಳಿದ ಒಂದು ಪಾಲೇ ಸಂಸಾರವನ್ನು ತೂಗಿಸುತ್ತದೆ. ಬದುಕಿರುವ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಬಹುಪಾಲು ಜನರಲ್ಲಿ ಕಾರ್ಟಿಸೋಲ್ ಸಾಕಷ್ಟಿತ್ತು. ಹಲವರಲ್ಲಿ ಸಾಮಾನ್ಯಕ್ಕಿಂತ ಹೆಚ್ಚೇ ಇತ್ತು. ಆಗ ಮತ್ತೊಂದು ಪರೀಕ್ಷೆ ಮಾಡಿದರು. ಮೆದುಳಿನ ಬುಡದಲ್ಲಿರುವ ಪಿಟ್ಯುಯಿಟರಿ ಗ್ರಂಥಿಯು ಅಡ್ರಿನಲ್‌ಗೆ 'ಇನ್ನಷ್ಟು ತಯಾರಿಸು' ಎಂದು ಆಜ್ಞೆ ಕಳಿಸುವ ಹಾರ್ಮೋನೊಂದುಂಟು. ಅದನ್ನು ಸೂಜಿಮದ್ದಾಗಿ ಚುಚ್ಚಿ, ಅರ್ಧ ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ರಕ್ತ ತೆಗೆದು, ಗ್ರಂಥಿ ಆಜ್ಞೆಗೆ ಎಷ್ಟು ಓಗೊಟ್ಟಿತು ಎಂದು ನೋಡುವುದು. 1987ರ ಹೊತ್ತಿಗೆ ಉತ್ತರ ಬಂತು: ಕಾಯಿಲೆ ಬಲಿತ ಹಲವರಲ್ಲಿ ಗ್ರಂಥಿಯ ಮೀಸಲು ಶಕ್ತಿ ಕಡಮೆ. ದಿನದ ಸಂತೆಗೆ ದುಡ್ಡಿದೆ, ಮಗಳ ಮದುವೆ ಗೊತ್ತಾದರೆ ಇಲ್ಲ ಎಂಬ ಸಂಸಾರಗಳನ್ನು ನಾವು ಕಂಡಿಲ್ಲವೆ? ಹಾಗೆಯೇ ಇದು. ಅಂಥ ರೋಗಿ ಎಂದಿನಂತೆ ನಡೆದಾಡುತ್ತಿರುತ್ತಾನೆ. ನ್ಯುಮೋನಿಯ ಬಂದರೆ, ಇಲ್ಲವೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯುತ್ತದೆ. ವೈದ್ಯನಿಗೆ ಮುಂಚಿತವಾಗಿ ಗೊತ್ತಿದ್ದರೆ ಒಂದು ಹೈಡ್ರೊಕಾರ್ಟಿಸೋನ್ ಸೂಜಿಮದ್ದಿನಲ್ಲಿ ಪ್ರಾಣ ಉಳಿಯುತ್ತದೆ.

1992ರಲ್ಲಿ ಇಟಲಿಯ ಮಿಲಾನ್ ನಗರದಿಂದ ಬಂದ ವರದಿಯಂತೂ ವಿಚಿತ್ರವಾಗಿತ್ತು. ನೊರ್ಬಿಯಾಟೊ ಮತ್ತು ಅವರ ಸಂಗಡಿಗರು ನೋಡಿದ ಕೆಲವು ರೋಗಿಗಳಲ್ಲಿ ಅಡಿಸನ್ನನ ರೋಗದ ಲಕ್ಷಣಗಳೇ ಇದ್ದುವು: ಕಪ್ಪಿಟ್ಟ ಚರ್ಮ, ಕೆಳಗಿಳಿದ ರಕ್ತದೊತ್ತಡ, ತಡೆಯಲಾರದ ಬಳಲಿಕೆ. ಆದರೆ ರಕ್ತದಲ್ಲಿ ಕಾರ್ಟಿಸೋಲ್ ಕಡಮೆಯಿರಲಿಲ್ಲ, ಹೆಚ್ಚಾಗಿತ್ತು! ಗ್ರಂಥಿ ಕೆಟ್ಟಿರಲಿಲ್ಲ, ಹಾರ್ಮೋನನ್ನು ಬರಮಾಡಿಕೊಳ್ಳಬೇಕಾದ ಜೀವಕೋಶಗಳ ಗ್ರಾಹಕಗಳು ದುರ್ಬಲವಾಗಿದ್ದುವು. ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಲಯದಿಂದ ಪ್ರಸಾರ ಜೋರಾಗಿಯೇ ಬರುತ್ತಿದೆ; ಮನೆಯ ರೇಡಿಯೋದ ಏರಿಯಲ್ ಕೆಟ್ಟಿದೆ; ಕೇಳುವವನಿಗೆ ಮೌನ. ಇಂಥ ರೋಗಿಗಳು ವಿರಳ. ಆದರೂ ಈ ವರದಿಯಿಂದ ಒಂದು ಪಾಠ ದೊರೆಯಿತು. ರಕ್ತದಲ್ಲಿ ಹಾರ್ಮೋನಿನ ಅಂಕಿ ಸರಿಯಾಗಿದೆ ಎಂದ ಮಾತ್ರಕ್ಕೆ ರೋಗಿಯ ಮಾತು ಸುಳ್ಳಾಗುವುದಿಲ್ಲ.

ಇನ್ನು ಜನ ಬಾಯಿಬಿಟ್ಟು ಆಡದ ವಿಷಯಕ್ಕೆ ಬರೋಣ. 1988ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಎಚ್.ಐ.ವಿ. ಸೋಂಕಿದ್ದ 70 ಮಂದಿ ಗಂಡಸರನ್ನು ಪರೀಕ್ಷಿಸಿದರು. ಅವರ ಪೈಕಿ ಏಡ್ಸ್ ಹಂತಕ್ಕೆ ಬಂದಿದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಟೆಸ್ಟೋಸ್ಟಿರೋನ್, ಅಂದರೆ ಪುರುಷ ಹಾರ್ಮೋನು, ಕಡಮೆಯಿತ್ತು. ಈ ಹಾರ್ಮೋನು ದಾಂಪತ್ಯಸುಖಕ್ಕೆ ಮಾತ್ರ ಸಂಬಂಧಪಟ್ಟದ್ದೆಂದು ತಿಳಿಯಬಾರದು. ಸ್ನಾಯುಗಳ ಬಲ, ಎಲುಬಿನ ಗಟ್ಟಿತನ, ರಕ್ತದ ಕೆಂಪು, ಮನಸ್ಸಿನ ಉಲ್ಲಾಸ, ಇವೆಲ್ಲಕ್ಕೂ ಅದು ಬೇಕು. ಅದು ಇಳಿದಾಗ ಗಂಡಸು ಮೂಲೆ ಹಿಡಿಯುತ್ತಾನೆ, ಸಿಡುಕುತ್ತಾನೆ, ಹೆಂಡತಿಯಿಂದ ದೂರ ಸರಿಯುತ್ತಾನೆ. ಅವಳು ಅದಕ್ಕೆ ಬೇರೆ ಅರ್ಥ ಹಚ್ಚುತ್ತಾಳೆ. ಅವನೂ ತನ್ನ ಬಗ್ಗೆ ಬೇರೆ ಅರ್ಥ ಹಚ್ಚಿಕೊಳ್ಳುತ್ತಾನೆ. ಸೋಂಕು ತಂದ ಅವಮಾನದ ಮೇಲೆ ಇದೊಂದು ಅವಮಾನ. ಯಾರ ಮುಂದೆ ಹೇಳಿಯಾನು?

ಹೀಗಾಗುವುದೇಕೆ? ಬಹುಮಂದಿಯಲ್ಲಿ ವೃಷಣಗಳು ಕೆಟ್ಟಿರುವುದಿಲ್ಲ. ದೀರ್ಘ ಕಾಯಿಲೆಯಲ್ಲೂ ಉಪವಾಸದಲ್ಲೂ ಮೆದುಳು ಕಷ್ಟಕಾಲದ ಯಜಮಾನಿಯಂತೆ ಖರ್ಚು ಕಡಿತ ಮಾಡುತ್ತದೆ. ಉಸಿರಾಟ, ಹೃದಯದ ಬಡಿತ ಇವು ನಿಲ್ಲುವಂತಿಲ್ಲ; ಸಂತಾನಕ್ಕೆ ಸಂಬಂಧಿಸಿದ ಖರ್ಚು ಮುಂದೆ ನೋಡಿಕೊಳ್ಳಬಹುದು. ಆದ್ದರಿಂದ ಪಿಟ್ಯುಯಿಟರಿಯಿಂದ ಕೆಳಕ್ಕೆ ಹೋಗುವ ಆಜ್ಞೆಯೇ ಕ್ಷೀಣಿಸುತ್ತದೆ. ಇಲ್ಲಿ ಪರೀಕ್ಷೆ ಮಾಡುವವರನ್ನು ದಾರಿ ತಪ್ಪಿಸುವ ಒಂದು ತೊಡಕೂ ಇದೆ. ಟೆಸ್ಟೋಸ್ಟಿರೋನಿನ ಬಹುಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ಓಡಾಡುತ್ತದೆ; ಬಿಡಿಯಾಗಿರುವ ಸ್ವಲ್ಪ ಪಾಲು ಮಾತ್ರ ಸಲೀಸಾಗಿ ಕೆಲಸಕ್ಕೆ ಬರುತ್ತದೆ. ಎಚ್.ಐ.ವಿ. ಸೋಂಕಿನಲ್ಲಿ ಆ ಹಾರ್ಮೋನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಪ್ರೋಟೀನಿನ ಪ್ರಮಾಣವೇ ಏರಿರುವುದುಂಟು. ಆಗ ಒಟ್ಟು ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಬಿಡಿಯಾದದ್ದು ಕಡಮೆ. ಪೆಟ್ಟಿಗೆ ತುಂಬ ಒಡವೆಯಿದ್ದು, ಬೀಗದ ಕೈ ಕಳೆದುಹೋದವರ ಪಾಡು.

ಕಾರಣ ತಿಳಿದಮೇಲೆ ಚಿಕಿತ್ಸೆಯ ಪರೀಕ್ಷೆ ನಡೆಯಿತು. 1998ರಲ್ಲಿ ಬಾಸ್ಟನ್ ನಗರದ ಗ್ರಿನ್ಸ್‌ಪೂನ್ ಮತ್ತು ಸಂಗಡಿಗರು ಮೈ ಸೊರಗಿ ಹಾರ್ಮೋನು ಇಳಿದಿದ್ದ 51 ಮಂದಿ ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಮೂರು ವಾರಕ್ಕೊಮ್ಮೆ ಟೆಸ್ಟೋಸ್ಟಿರೋನ್ ಸೂಜಿಮದ್ದು, ಉಳಿದವರಿಗೆ ಔಷಧಿಯಿಲ್ಲದ ಬರಿಯ ಸೂಜಿ. ಆರು ತಿಂಗಳ ಕೊನೆಯಲ್ಲಿ, ಹಾರ್ಮೋನು ಪಡೆದವರ ಮೈಯಲ್ಲಿ ಕೊಬ್ಬಲ್ಲದ ತೂಕ ಸುಮಾರು 2 ಕಿಲೋಗ್ರಾಂ ಹೆಚ್ಚಿತ್ತು. ಮತ್ತೊಂದು ಗುಂಪಿನಲ್ಲಿ ಇಳಿದಿತ್ತು. ಎರಡು ಕಿಲೋ ಎಂದರೆ ಏನು ಮಹಾ ಎನ್ನಬೇಡಿ. ತಾನಾಗಿ ಹಾಸಿಗೆಯಿಂದೇಳುವುದಕ್ಕೂ ಇನ್ನೊಬ್ಬರ ತೋಳು ಹಿಡಿದು ಏಳುವುದಕ್ಕೂ ನಡುವಿನ ವ್ಯತ್ಯಾಸ ಅಷ್ಟರಲ್ಲೇ ಇರಬಹುದು.

ಹೆಂಗಸರ ವಿಷಯದಲ್ಲಿ ಈ ಚರಿತ್ರೆ ನಾಚಿಕೆಗೇಡಿನದು. ಮೊದಲ ಹತ್ತು ಹನ್ನೆರಡು ವರ್ಷಗಳ ಸಂಶೋಧನೆಯೆಲ್ಲ ಬಹುಮಟ್ಟಿಗೆ ಗಂಡಸರದೇ. ಮೈ ಸೊರಗಿದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಏರುಪೇರಾಗುವುದು, ಎಲುಬು ಸವೆಯುವುದು ಇವನ್ನೆಲ್ಲ ಕ್ರಮವಾಗಿ ಗಮನಿಸಲು ತೊಡಗಿದ್ದು ಬಹಳ ತಡವಾಗಿ. ನಮ್ಮಲ್ಲಂತೂ ಹೆಂಗಸಿನ ಮುಟ್ಟು ತಪ್ಪಿದರೆ 'ಚಿಂತೆಯಿಂದ' ಎಂಬ ಉತ್ತರ ಈಗಲೂ ಸುಲಭವಾಗಿ ದೊರೆಯುತ್ತದೆ.

1996ನೆಯ ವರ್ಷ ಈ ಚರಿತ್ರೆಯನ್ನು ಎರಡು ಭಾಗ ಮಾಡಿತು. ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದು, ಸಾವಿನ ಹೊಸ್ತಿಲಲ್ಲಿದ್ದವರು ಎದ್ದು ಕೆಲಸಕ್ಕೆ ಹೋದರು. ವೈರಸ್ ಮಣಿದಾಗ ಸೊರಗಿದ ಮೈ ತುಂಬಿತು. ಅನೇಕರಲ್ಲಿ ಹಾರ್ಮೋನುಗಳೂ ತಮ್ಮ ಸ್ಥಾನಕ್ಕೆ ಮರಳಿದುವು. ಆದರೆ ಎರಡೇ ವರ್ಷಗಳಲ್ಲಿ ಒಂದು ಹೊಸ ವಿಲಕ್ಷಣ ಕಾಣಿಸಿಕೊಂಡಿತು. ಹೊಟ್ಟೆ ಉಬ್ಬುವುದು, ಕತ್ತಿನ ಹಿಂದೆ ಎತ್ತಿನ ಹಿಣಿಲಿನಂತೆ ಕೊಬ್ಬು ಶೇಖರವಾಗುವುದು. ಅದೇ ವೇಳೆಗೆ ಕೈಕಾಲು ಕಡ್ಡಿಯಂತಾಗಿ ಕೆನ್ನೆ ಗುಳಿಬೀಳುವುದು. 1998ರಲ್ಲಿ ಸಿಡ್ನಿ ನಗರದಿಂದಲೂ ಅಮೆರಿಕದಿಂದಲೂ ವರದಿಗಳು ಬಂದುವು. ಕಾರ್ಟಿಸೋಲ್ ಅತಿಯಾದಾಗ ಇಂಥದೇ ಹಿಣಿಲು ಏಳುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಬಹಳ ಹಿಂದೆಯೇ ವರ್ಣಿಸಿದ್ದರು. ಅಡಿಸನ್ನನ ರೋಗ ಕೊರತೆಯದಾದರೆ ಕುಷಿಂಗರದು ಅತಿಯದು. ಹತ್ತು ವರ್ಷ ಕೊರತೆಯನ್ನು ಹುಡುಕಿದ ವೈದ್ಯರು ಈಗ ಅತಿಯನ್ನು ಹುಡುಕಲು ಹೊರಟರು. ಸಿಗಲಿಲ್ಲ, ರಕ್ತದಲ್ಲಿ ಕಾರ್ಟಿಸೋಲ್ ಸರಿಯಾಗಿಯೇ ಇತ್ತು. ಕೆನ್ನೆ ಬತ್ತಿದ್ದಕ್ಕೆ ಮುಖ್ಯ ಕಾರಣ ಸ್ಟಾವುಡಿನ್ ಎಂಬ ಔಷಧಿಯೂ ಅದರ ಕೆಲವು ಬಂಧುಗಳೂ ಎಂಬುದು ಕ್ರಮೇಣ ತಿಳಿಯಿತು.

ಈ ಸ್ಟಾವುಡಿನ್ ನಮಗೆ ಹತ್ತಿರದ ಹೆಸರು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯವರು ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗೂ ಕಡಮೆ ಬೆಲೆಗೆ ಕೊಡುವೆವೆಂದು ಸಾರಿ ಜಗತ್ತನ್ನು ಬೆರಗುಗೊಳಿಸಿದಾಗ ಆ ಮೂರರಲ್ಲಿ ಅದೂ ಒಂದಾಗಿತ್ತು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲೂ ದೆಹಲಿಯಲ್ಲೂ ಮೊದಲು ಕೊಟ್ಟ ಗುಳಿಗೆಗಳಲ್ಲಿಯೂ ಇತ್ತು. ಅದು ಲಕ್ಷಾಂತರ ಜೀವ ಉಳಿಸಿತು, ನಿಜ. ಆದರೆ ಗುಳಿಬಿದ್ದ ಕೆನ್ನೆ, ಹೇಳಬಾರದೆಂದುಕೊಂಡದ್ದನ್ನು ಬೀದಿಯಲ್ಲಿ ಹೇಳಿಬಿಡುತ್ತಿತ್ತು. ರೋಗವನ್ನು ಬಚ್ಚಿಟ್ಟು ಕೆಲಸ ಉಳಿಸಿಕೊಂಡವನನ್ನು ಔಷಧಿಯೇ ಹಿಡಿದುಕೊಟ್ಟಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದನ್ನು ಕೈಬಿಡುವಂತೆ ಸಲಹೆ ಮಾಡಿತು. ಆಮೇಲೆ ನಮ್ಮಲ್ಲಿಯೂ ಬಿಟ್ಟರು.

ಈಗ ಹೇಳುವ ಸಂಗತಿ ಪತ್ತೇದಾರಿ ಕತೆಯಂತಿದೆ. ಎಚ್.ಐ.ವಿ. ಚಿಕಿತ್ಸೆಯಲ್ಲಿರುವ ಯಾರನ್ನಾದರೂ ನೀವು ಬಲ್ಲಿರಾದರೆ ಇದನ್ನು ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ.

1999ರಲ್ಲಿ ಒಂದು ವರದಿ ಬಂತು. ಏಡ್ಸ್ ಚಿಕಿತ್ಸೆಯಲ್ಲಿದ್ದ ರೋಗಿಯೊಬ್ಬನಿಗೆ ಕುಷಿಂಗರ ರೋಗದ ಲಕ್ಷಣಗಳು ಕಾಣಿಸಿಕೊಂಡುವು. ಬರಬರುತ್ತ ಇಂಥ ಇನ್ನೂ ಹಲವರ ವರದಿಗಳು ಕೂಡಿಕೊಂಡುವು. ಹುಣ್ಣಿಮೆ ಚಂದ್ರನಂತೆ ಊದಿದ ಮುಖ, ಮೈಮೇಲೆ ನೇರಳೆ ಗೆರೆಗಳು. 1998ರ ಹಿಣಿಲು ಮತ್ತೆ ಬಂತೆಂದು ವೈದ್ಯರು ಮೊದಲು ತಿಳಿಯುವುದು ಸಹಜ. ಆದರೆ ಇವರ ರಕ್ತದಲ್ಲಿ ಕಾರ್ಟಿಸೋಲ್ ಸರಿಯಾಗಿರಲಿಲ್ಲ, ಹೆಚ್ಚೂ ಇರಲಿಲ್ಲ, ಇಲ್ಲವೆನ್ನುವಷ್ಟು ಕಡಮೆಯಿತ್ತು! ಮುಖದಲ್ಲಿ ಕುಷಿಂಗ್, ರಕ್ತದಲ್ಲಿ ಅಡಿಸನ್. ಒಂದೇ ದೇಹದಲ್ಲಿ ಅತಿವೃಷ್ಟಿಯೂ ಅನಾವೃಷ್ಟಿಯೂ ಹೇಗೆ ಸಾಧ್ಯ?

ಗುಟ್ಟು ಇದ್ದದ್ದು ಮೂಗಿಗೆ ಹಾಕಿಕೊಳ್ಳುವ ಒಂದು ಮಾಮೂಲು ಔಷಧಿಯಲ್ಲಿ. ನೆಗಡಿಯ ಅಲರ್ಜಿಗೆ ಮೂಗಿಗೂ, ಉಬ್ಬಸಕ್ಕೆ ಬಾಯಿಗೂ ಹೊಡೆದುಕೊಳ್ಳುವ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ ಮಾನವನಿರ್ಮಿತ ಕಾರ್ಟಿಸೋಲ್ ಜಾತಿಯದು. ಅದರಲ್ಲಿ ಸ್ವಲ್ಪ ನುಂಗಿಹೋದರೂ ಭಯವಿಲ್ಲ. ಯಕೃತ್ತಿನ ಕಿಣ್ವವೊಂದು ಅದನ್ನು ಒಡನೆಯೇ ಚೂರುಮಾಡಿ ಹಾಕುತ್ತದೆ. ಈಗ ರಿಟೊನವಿರ್ ಎಂಬ ಏಡ್ಸ್ ಔಷಧಿಯನ್ನು ನೋಡಿ. ಇದನ್ನು ಅಲ್ಪ ಪ್ರಮಾಣದಲ್ಲಿ ಕೊಡುವ ಉದ್ದೇಶವೇ ಆ ಕಿಣ್ವದ ಕೈ ಕಟ್ಟಿಹಾಕುವುದು. ಹಾಗೆ ಕಟ್ಟಿದರೆ ಜೊತೆಯ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕಿಣ್ವಕ್ಕಾದರೋ ಇದು ಆ ಔಷಧಿ, ಇದು ಮೂಗಿನ ಮದ್ದು ಎಂಬ ಭೇದವಿಲ್ಲ. ಕೈ ಕಟ್ಟಿದ ಮೇಲೆ ಎಲ್ಲದಕ್ಕೂ ಕಟ್ಟಿದಂತೆಯೇ. ಮೂಗಿಗೆ ಹಾಕಿದ ಸ್ಟೀರಾಯ್ಡ್ ದಿನದಿನವೂ ರಕ್ತದಲ್ಲಿ ಕೂಡುತ್ತ ಹೋಗುತ್ತದೆ, ಮುಖ ಊದುತ್ತದೆ. ಇಷ್ಟು ಸ್ಟೀರಾಯ್ಡ್ ಇರುವುದನ್ನು ಕಂಡ ಪಿಟ್ಯುಯಿಟರಿ 'ಇನ್ನು ನನ್ನ ಕೆಲಸವಿಲ್ಲ' ಎಂದು ಸುಮ್ಮನಾಗುತ್ತದೆ; ಆಜ್ಞೆ ಬಾರದ ಅಡ್ರಿನಲ್ ಗ್ರಂಥಿಗಳು ನಿದ್ರೆ ಹೋಗುತ್ತವೆ. ರಕ್ತಪರೀಕ್ಷೆ ಅಳೆಯುವುದು ದೇಹದ ಸ್ವಂತ ಕಾರ್ಟಿಸೋಲನ್ನು, ಅದು ಇಲ್ಲ. ಹೊರಗಿನಿಂದ ಬಂದ ಸ್ಟೀರಾಯ್ಡ್ ಆ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ.

ಅಪಾಯ ಇಲ್ಲಿಗೆ ಮುಗಿಯಲಿಲ್ಲ. ಕಾರಣ ಗೊತ್ತಾಯಿತೆಂದು ಮೂಗಿನ ಮದ್ದನ್ನು ಒಮ್ಮೆಗೇ ನಿಲ್ಲಿಸಿದರೆ, ಹೊರಗಿನದೂ ಇಲ್ಲ, ಒಳಗಿನ ಗ್ರಂಥಿಯೂ ಎದ್ದಿಲ್ಲ, ರೋಗಿ ಕುಸಿದುಬೀಳಬಹುದು. ಕಾರ್ಟಿಸೋಲ್ ಗುಳಿಗೆಯ ಆಧಾರ ಕೊಟ್ಟು ಗ್ರಂಥಿ ಎಚ್ಚರಗೊಳ್ಳುವವರೆಗೆ ಕಾಯಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮಂಡಿನೋವಿಗೆ ಕೀಲಿನೊಳಕ್ಕೆ ಚುಚ್ಚುವ ಟ್ರಯಾಮ್ಸಿನೊಲೋನ್ ಸೂಜಿಮದ್ದಿನಿಂದಲೂ ಇದೇ ಅನಾಹುತವಾದ ವರದಿಗಳಿವೆ. ಆದ್ದರಿಂದ ರಿಟೊನವಿರ್ ಸೇರಿದ ಚಿಕಿತ್ಸೆಯಲ್ಲಿರುವವರು ಉಬ್ಬಸದ ವೈದ್ಯರ ಬಳಿಗಾಗಲಿ, ಮೂಳೆವೈದ್ಯರ ಬಳಿಗಾಗಲಿ ಹೋದಾಗ ತಾವು ನುಂಗುವ ಗುಳಿಗೆಗಳ ಹೆಸರನ್ನು ಹೇಳುವುದು ಜೀವರಕ್ಷಣೆಯ ಪ್ರಶ್ನೆ. ಬೆಕ್ಲೊಮೆಥಸೋನ್‌ನಂಥ ಬೇರೆ ಉಬ್ಬಸದ ಔಷಧಿಗೆ ಈ ತೊಡಕು ಬಹಳ ಕಡಮೆ, ಬದಲಿಸಿ ಕೊಡಬಹುದು. ಆದರೆ ವೈದ್ಯರಿಗೆ ಎಚ್.ಐ.ವಿ. ಎಂದು ಹೇಳಲು ರೋಗಿಗೆ ಧೈರ್ಯ ಬೇಕು. ಹೇಳಿದಮೇಲೆ ಮುಖ ಸಿಂಡರಿಸದ ವೈದ್ಯರೂ ಬೇಕು. ಹೇಳಲಾಗದ್ದರಿಂದ ಊದಿದ ಮುಖಗಳ ಲೆಕ್ಕವನ್ನು ಯಾವ ವೈದ್ಯಪತ್ರಿಕೆಯೂ ಇಟ್ಟಿಲ್ಲ.

ಅದೇ ಕಿಣ್ವಕ್ಕೆ ಸಂಬಂಧಿಸಿದ ಮತ್ತೊಂದು ಮಾತು ನಮ್ಮ ದೇಶದವರಿಗೆ ಇನ್ನೂ ಹೆಚ್ಚಿನದು. ಎಚ್.ಐ.ವಿ. ಇರುವವರಿಗೆ ನಮ್ಮಲ್ಲಿ ಬಹಳವಾಗಿ ತಗಲುವ ರೋಗ ಕ್ಷಯ. ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ರಿಟೊನವಿರ್‌ನ ತದ್ವಿರುದ್ಧ. ಅದು ಕಿಣ್ವದ ಕೈ ಬಿಚ್ಚಿ ಇಮ್ಮಡಿ ಚುರುಕುಗೊಳಿಸುತ್ತದೆ. ಆಗ ದೇಹದ ಸ್ವಂತ ಕಾರ್ಟಿಸೋಲ್ ಕೂಡ ಬೇಗಬೇಗ ಕರಗಿಹೋಗುತ್ತದೆ. ಆರೋಗ್ಯವಾದ ಗ್ರಂಥಿ ಹೆಚ್ಚು ತಯಾರಿಸಿ ಸರಿದೂಗಿಸುತ್ತದೆ. ಆದರೆ ಕ್ಷಯವೇ ಅಡ್ರಿನಲ್ ಗ್ರಂಥಿಯನ್ನು ತಿಂದಿದ್ದರೆ, ಅಂದರೆ ಅಡಿಸನ್ 1855ರಲ್ಲಿ ಕಂಡ ಸ್ಥಿತಿಯೇ ಇದ್ದರೆ? ಕ್ಷಯದ ಚಿಕಿತ್ಸೆ ಆರಂಭವಾದ ಕೆಲವು ದಿನಗಳಲ್ಲೇ ರೋಗಿ ವಾಂತಿ ಮಾಡುತ್ತ, ಎದ್ದರೆ ಕಣ್ಣು ಕತ್ತಲಿಟ್ಟು ಬೀಳುತ್ತ ಇರುತ್ತಾನೆ. ಗುಳಿಗೆ ಒಗ್ಗಲಿಲ್ಲವೆಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ತೆಗೆದ ಒಂದಿಷ್ಟು ರಕ್ತದಲ್ಲಿ ಕಾರ್ಟಿಸೋಲ್ ಎಷ್ಟಿದೆ ಎಂದು ನೋಡಿದರೆ ಬಹಳ ಮಟ್ಟಿಗೆ ಸಂದೇಹ ತೀರುತ್ತದೆ. ಬೆಳಗಿನಲ್ಲಿ ಅದು ಅತ್ಯಂತ ಹೆಚ್ಚಿರಬೇಕಾದ ಸಮಯ.

ಥೈರಾಯ್ಡ್ ಗ್ರಂಥಿಯ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1998ರಲ್ಲಿ ಪ್ಯಾರಿಸ್ಸಿನ ವೈದ್ಯರು, ಔಷಧಿಯಿಂದ ಚೆನ್ನಾಗಿ ಚೇತರಿಸಿಕೊಂಡ ಕೆಲವರಿಗೆ ತಡವಾಗಿ ಗ್ರೇವ್ಸ್ ರೋಗ ಬಂದುದನ್ನು ಕಂಡರು: ಎದೆ ಹೊಡೆದುಕೊಳ್ಳುವುದು, ಕೈ ನಡುಕ, ಬೆವರು, ತೂಕದ ಇಳಿತ. ಮರಳಿ ಬಂದ ರಕ್ಷಣಾ ಪಡೆ ತನ್ನ ಮನೆಯ ಗ್ರಂಥಿಯನ್ನೇ ಶತ್ರುವೆಂದು ಭ್ರಮಿಸಿತ್ತು. ತೂಕ ಇಳಿದರೆ ವೈರಸ್ಸೇ ಮತ್ತೆ ಎದ್ದಿತೆಂದು ಹೆದರುವುದು ಸಹಜ. ಆದರೆ ಇಲ್ಲಿ ಕಾಯಿಲೆ ಗೆಲುವಿನ ಪರಿಣಾಮ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನವರಿಗೂ, 1991ರಿಂದ ಎರಡು ದಶಕಗಳ ಕಾಲ ಇಂಟರ್‌ಫೆರಾನ್ ಸೂಜಿಮದ್ದು ಕೊಡುತ್ತಿದ್ದಾಗ, ಥೈರಾಯ್ಡ್ ಕೆಡುವುದು ಅಪರೂಪವಾಗಿರಲಿಲ್ಲ. 2013ರಿಂದೀಚೆಗೆ ಬಂದ ಗುಳಿಗೆಗಳು ಆ ಕಾಟವನ್ನು ತಪ್ಪಿಸಿದುವು.

2020ರ ಬಳಿಕ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಡೊಲುಟೆಗ್ರವಿರ್ ಎಂಬ ಔಷಧಿ ಸೇರಿದ, ದಿನಕ್ಕೊಂದೇ ಗುಳಿಗೆಯ ಚಿಕಿತ್ಸೆ ಬಳಕೆಗೆ ಬಂದಿದೆ. ಕೆನ್ನೆ ಬತ್ತುವುದಿಲ್ಲ, ಬಹುಮಂದಿಗೆ ರಿಟೊನವಿರ್‌ನ ಅವಶ್ಯಕತೆಯೂ ಇಲ್ಲ. ಆದರೆ 2019ರಲ್ಲಿ ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್ ನಗರದಿಂದ 1,053 ಮಂದಿಯ ಮೇಲೆ ನಡೆದ ಒಂದು ಪ್ರಯೋಗದ ವರದಿ ಬಂದಿದೆ. ಹೊಸ ಔಷಧಿ ಪಡೆದವರ ತೂಕ ಹಳೆಯ ಔಷಧಿಯವರಿಗಿಂತ ಹೆಚ್ಚು ಏರಿತು. ಗಂಡಸರಿಗಿಂತ ಹೆಂಗಸರದು ಇನ್ನೂ ಹೆಚ್ಚು. ಇದು ಸೊರಗಿದ ಮೈ ತುಂಬಿಕೊಂಡದ್ದೋ, ಔಷಧಿಯು ಹಸಿವಿನ ಸಂದೇಶಗಳಲ್ಲಿ ಕೈಹಾಕಿದ್ದೋ, ಹಳೆಯ ಔಷಧಿಯೇ ತೂಕವನ್ನು ತಡೆಹಿಡಿದಿತ್ತೋ ಎಂದು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಈ ಸಲ ಪ್ರಶ್ನೆ ಎದ್ದದ್ದು ಹೆಂಗಸರ ತೂಕದ ಲೆಕ್ಕದಿಂದ. ಅವರನ್ನು ಬಿಟ್ಟು ಉತ್ತರ ಹುಡುಕುವಂತಿಲ್ಲ.